ನೆರೆ, ಭೂಕಂಪದ ಹೆಸರಲ್ಲಿ ಬರುವ ಮೋಸದ ಮೇಲ್: ರೊಕ್ಕ ಹಾಕುವ ಮುಂಚೆ ನೋಡಬೇಕಾದ್ದು

2025ರ ಸೆಪ್ಟೆಂಬರ್ ಕೊನೆ. ಭೀಮಾ ಹೊಳೆ ತುಂಬಿ ಹರಿಯುತ್ತಿತ್ತು. ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ತೊಗರಿ ಹೊಲಗಳು ಕೆರೆಯಂತೆ ಕಾಣುತ್ತಿದ್ದವು. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ರೈಲು ಟಿಕೆಟ್, ಇಂಥವೇ ಕೆಲಸ. ಅವತ್ತು ನಮ್ಮ ಓಣಿಯ ನಿವೃತ್ತ ಮಾಸ್ತರರು ಫೋನ್ ಹಿಡಿದುಕೊಂಡು ಬಂದರು.

"ತಮ್ಮಾ, ಇದೊಂದು ನೋಡಪ. ಐದು ಸಾವಿರ ಹಾಕಬೇಕಂತ ಮಾಡೀನಿ. ಈ ಕ್ಯೂಆರ್ ತಗೊಳವಲ್ದು."

ತಗೊಳ್ಳದ ಕಾರಣ ಸರಳ. ಕ್ಯೂಆರ್ ಇದ್ದದ್ದು ಅವರ ಫೋನಿನಲ್ಲೇ, ಸ್ಕ್ಯಾನ್ ಮಾಡಬೇಕಾದ್ದೂ ಅದೇ ಫೋನಿನಿಂದ. ಆ ತೊಡಕೇ ಅವರ ಐದು ಸಾವಿರ ಉಳಿಸಿತು. ಗ್ಯಾಲರಿಯಿಂದ ಕ್ಯೂಆರ್ ತೆಗೆದುಕೊಳ್ಳುವುದು ಅವರಿಗೆ ಗೊತ್ತಿದ್ದರೆ ನನ್ನ ತನಕ ಬರುತ್ತಲೇ ಇರಲಿಲ್ಲ.

ಮೇಲ್ ಅಚ್ಚುಕಟ್ಟಾಗಿತ್ತು. ಮೇಲ್ಗಡೆ ಸರ್ಕಾರದ ಲಾಂಛನ. ಸೊಂಟದುದ್ದ ನೀರಲ್ಲಿ ಮಗು ಎತ್ತಿಕೊಂಡು ನಿಂತ ಅಜ್ಜಿಯ ಫೋಟೊ. ಕೆಳಗೆ "ಇಂದು ಸಂಜೆ 6ರೊಳಗೆ ನೆರವು ನೀಡಿ" ಎಂಬ ಕೋರಿಕೆ. ಕನ್ನಡದಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ. ಮಾಸ್ತರರಿಗೆ ನಂಬಿಕೆ ಬಂದದ್ದೇ ಅದರಿಂದ. "ಇಷ್ಟು ಶುದ್ಧ ಕನ್ನಡ ಬರೆಯೋರು ಕಳ್ಳರಿರ್ತಾರೇನು?" ಅಂದರು. ಪಾಪ, ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವರು. ಮೊದಲೆಲ್ಲ ಮೋಸದ ಮೇಲ್ ಅಂದರೆ ಎಡವಟ್ಟು ಭಾಷೆ ಇರುತ್ತಿತ್ತು, ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಈಗ ಯಂತ್ರಗಳೇ ಚೆನ್ನಾಗಿ ಕನ್ನಡ ಬರೆಯುತ್ತವೆ. ಭಾಷೆ ನೋಡಿ ಕಳ್ಳನನ್ನು ಹಿಡಿಯುವ ಕಾಲ ಮುಗಿಯಿತು.

ಅವರ ಮೇಲ್ ಮುಂದಿಟ್ಟುಕೊಂಡು ಅವತ್ತು ನಾವಿಬ್ಬರೂ ಏನೇನು ನೋಡಿದೆವೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಕ್ಕೂ ಬುಡದಲ್ಲಿರುವ ಮಾತು ಒಂದೇ: ಮೇಲ್ ನಿಮಗೆ ಸುದ್ದಿ ಕೊಡಬಹುದು, ರೊಕ್ಕ ಹೋಗುವ ದಾರಿಯನ್ನು ಅದು ತೋರಿಸಬಾರದು. ಆ ದಾರಿ ನೀವೇ ಹುಡುಕಿಕೊಳ್ಳಬೇಕು.

ಕೊಡಬೇಡಿ ಎಂದು ಮಾತ್ರ ನಾನು ಹೇಳುವುದಿಲ್ಲ. ನಮ್ಮ ಭಾಗಕ್ಕೆ ಅದು ಒಗ್ಗುವ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸುಮಾರು ಹತ್ತು ಸಾವಿರ ಜನ ಸತ್ತರು. ನಡುಕ ಇಲ್ಲಿಗೂ ತಿಳಿದಿತ್ತು. ಆಗ ಮನೆಮನೆಯಲ್ಲಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದನ್ನು ನಮ್ಮ ಮನೆಯ ಹಿರಿಯರು ಇನ್ನೂ ನೆನೆಯುತ್ತಾರೆ. ರೊಟ್ಟಿಯ ಗಂಟು ಯಾರ ಕೈಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಕ್ಯೂಆರ್ ಕೋಡಿನ ಆಚೆ ಯಾರು ಕೂತಿದ್ದಾರೆ ಎಂದು ನಮಗೆ ಗೊತ್ತಿರುವುದಿಲ್ಲ, ಅಲ್ವಾ?

ಎಂಥೆಂಥ ವೇಷದಲ್ಲಿ ಬರುತ್ತವೆ

ಎಲ್ಲಕ್ಕಿಂತ ಜಾಸ್ತಿ ಬರುವುದು ಮಾಸ್ತರರಿಗೆ ಬಂದಂಥದ್ದು, ಸರ್ಕಾರದ ನಿಧಿ ಅಥವಾ ಹೆಸರಾಂತ ಸಂಸ್ಥೆಯ ವೇಷ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ರೆಡ್ ಕ್ರಾಸ್ ಹೋಲುವ ನಕಲಿ ಜಾಲತಾಣಗಳು ಎದ್ದವು. ಅಲ್ಲಿನ ನ್ಯಾಯ ಇಲಾಖೆ ಈ ಮೋಸಗಳಿಗೆಂದೇ ಒಂದು ತನಿಖಾ ಪಡೆ ಕಟ್ಟಬೇಕಾಯಿತು. ಅಂದರೆ ಇದು ನಿನ್ನೆ ಮೊನ್ನೆಯ ಆಟ ಅಲ್ಲ.

ಇನ್ನೊಂದು, ಅಳುವ ಶ್ರೀಮಂತನ ಪತ್ರ. "ಸುನಾಮಿಯಲ್ಲಿ ನನ್ನ ಮನೆಯವರೆಲ್ಲ ಹೋದರು, ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಡಾಲರ್ ಇದೆ, ಅದನ್ನು ಬಡವರಿಗೆ ಹಂಚಲು ನಿಮ್ಮ ಸಹಾಯ ಬೇಕು" ಎಂದು ಶುರುವಾಗುತ್ತದೆ. ಆಮೇಲೆ ವಕೀಲರ ಫೀಸು, ತೆರಿಗೆ, ಕಸ್ಟಮ್ಸ್ ಎಂದು ಒಂದೊಂದಾಗಿ ನಿಮ್ಮಿಂದಲೇ ಕೀಳುತ್ತಾರೆ. 2004ರ ಡಿಸೆಂಬರ್ 26ರ ಸುನಾಮಿಯ ಬೆನ್ನಿಗೇ ಇಂಥ ಪತ್ರಗಳು ಬಂದವು. ಇದಕ್ಕೆ "419 ಮೋಸ" ಎಂಬ ಹೆಸರಿದೆ. ನೈಜೀರಿಯಾದ ದಂಡ ಸಂಹಿತೆಯಲ್ಲಿ ಸುಳ್ಳು ಹೇಳಿ ರೊಕ್ಕ ಹೊಡೆಯುವುದಕ್ಕಿರುವ ಕಲಮಿನ ಸಂಖ್ಯೆ ಅದು. ನಮ್ಮಲ್ಲಿ 420 ಅನ್ನುತ್ತೇವಲ್ಲ, ಅವರದು ಒಂದು ಕಡಿಮೆ.

ಮೂರನೆಯದು ಗೆಳೆಯರ ಹೆಸರಲ್ಲಿ ಬರುವುದು. ಗುರುತಿನವರ ಮೇಲ್ ಖಾತೆ ಕದ್ದು, "ಭೂಕುಸಿತದಲ್ಲಿ ಸಿಕ್ಕಿಕೊಂಡಿದ್ದೇನೆ, ಫೋನ್ ಹೋಗಿದೆ, 20 ಸಾವಿರ ಕಳಿಸು" ಎನ್ನುತ್ತಾರೆ. ಇದಕ್ಕೆ ಉತ್ತರ ಸುಲಭ. ಅವರ ಮನೆಗೆ ಒಂದು ಫೋನ್ ಹಚ್ಚಿ.

ನಾಲ್ಕನೆಯದು ರೊಕ್ಕವನ್ನೇ ಕೇಳುವುದಿಲ್ಲ. "ನೆರೆಯ ಭಯಾನಕ ವಿಡಿಯೊ ನೋಡಿ" ಎಂದು ಕಡತ ಕಳಿಸುತ್ತದೆ. 2007ರ ಜನವರಿಯಲ್ಲಿ ಯುರೋಪಿನಲ್ಲಿ ದೊಡ್ಡ ಬಿರುಗಾಳಿ ಎದ್ದಾಗ, "ಬಿರುಗಾಳಿಗೆ 230 ಸಾವು" ಎಂಬ ತಲೆಬರಹದ ಮೇಲ್ ಲಕ್ಷಾಂತರ ಜನರಿಗೆ ಹೋಯಿತು. ತೆರೆದವರ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ಅದನ್ನು ಇವತ್ತಿಗೂ "ಸ್ಟಾರ್ಮ್ ವರ್ಮ್" ಎಂದೇ ಕರೆಯುತ್ತಾರೆ.

ಐದನೆಯದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವಂಥದ್ದು. ಅದು ನೆರೆಯಲ್ಲಿ ಕಳೆದುಕೊಂಡವರಿಗೇ ಬಲೆ ಹಾಕುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಹೆಜ್ಜೆ 1: ಚಹಾ ಕುಡಿಯಿರಿ

ತಮಾಷೆ ಅಲ್ಲ. "ಸಂಜೆ 6ರೊಳಗೆ" ಎಂದು ಬರೆದದ್ದು ಸಂತ್ರಸ್ತರ ಸಲುವಾಗಿ ಅಲ್ಲ, ನಿಮ್ಮನ್ನು ಗಡಿಬಿಡಿ ಮಾಡುವ ಸಲುವಾಗಿ. ನೆರೆ ಇಳಿದ ಮೇಲೂ ಜನರಿಗೆ ತಿಂಗಳುಗಟ್ಟಲೆ ನೆರವು ಬೇಕು. ಮನೆಗೆ ಹೊಕ್ಕ ರಾಡಿ ತೆಗೆಯಬೇಕು, ಹಾಸಿಗೆ ಹೊದಿಕೆ ಬೇಕು, ಮಕ್ಕಳಿಗೆ ಪುಸ್ತಕ ಬೇಕು. ನಿಜವಾದ ಯಾವ ನಿಧಿಯೂ ಸಂಜೆ 6ಕ್ಕೆ ಬಾಗಿಲು ಹಾಕುವುದಿಲ್ಲ. ನಾಳೆ ಕೊಟ್ಟರೂ ನಿಮ್ಮ ಐದು ಸಾವಿರಕ್ಕೆ ಅಷ್ಟೇ ಬೆಲೆ.

ಹೆಜ್ಜೆ 2: ಕಳಿಸಿದವರ ಹೆಸರು ಬಿಟ್ಟು ವಿಳಾಸ ನೋಡಿ

ಮೇಲ್‌ನಲ್ಲಿ ಮೊದಲು ಕಾಣುವುದು ಹೆಸರು. ಆ ಹೆಸರನ್ನು ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ನಾನು ಇವತ್ತೇ ಒಂದು ಖಾತೆ ತೆರೆದು "ಜಿಲ್ಲಾಧಿಕಾರಿ, ಯಾದಗಿರಿ" ಎಂದು ಹೆಸರಿಟ್ಟರೆ ನಿಮಗೆ ಹಾಗೇ ಕಾಣುತ್ತದೆ. ಜಿಮೇಲ್‌ನಲ್ಲಾದರೆ ಹೆಸರಿನ ಕೆಳಗೆ "ಟು ಮಿ" ಎಂದು ಸಣ್ಣದಾಗಿ ಇರುತ್ತದೆ. ಅದನ್ನು ಒತ್ತಿದರೆ ಪೂರ್ತಿ ವಿಳಾಸ ತೆರೆದುಕೊಳ್ಳುತ್ತದೆ.

ಮಾಸ್ತರರ ಮೇಲ್‌ನಲ್ಲಿ ಹೆಸರು "ಮುಖ್ಯಮಂತ್ರಿ ಪರಿಹಾರ ನಿಧಿ". ವಿಳಾಸದ ಕೊನೆ "ಜಿಮೇಲ್ ಡಾಟ್ ಕಾಮ್". ಸರ್ಕಾರದ ಮೇಲ್ ವಿಳಾಸ ಸಾಮಾನ್ಯವಾಗಿ "ಗೌ ಡಾಟ್ ಇನ್" ಅಥವಾ "ಎನ್‌ಐಸಿ ಡಾಟ್ ಇನ್" ಎಂದು ಮುಗಿಯುತ್ತದೆ. ನಮ್ಮಲ್ಲಿ ಕೆಲವು ಸರ್ಕಾರಿ ಕಚೇರಿಗಳು ಜಿಮೇಲ್ ಬಳಸುವುದೂ ಉಂಟು, ಅದು ಬೇರೆ ವಿಷಯ. ಆದರೆ ರೊಕ್ಕ ಕೇಳುವ ಮೇಲ್ ಜಿಮೇಲ್‌ನಿಂದ ಬಂದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಮಾತು: ಸರ್ಕಾರ ಹೀಗೆ ಒಬ್ಬೊಬ್ಬರಿಗೆ ಮೇಲ್ ಹಾಕಿ ಬೇಡುವುದಿಲ್ಲ. ಪತ್ರಿಕೆಯಲ್ಲಿ, ಟಿವಿಯಲ್ಲಿ, ತನ್ನ ಜಾಲತಾಣದಲ್ಲಿ ಕೋರುತ್ತದೆ.

ಕಂಪ್ಯೂಟರಿನಲ್ಲಿ ನೋಡುತ್ತಿದ್ದರೆ "ರಿಪ್ಲೈ ಟು" ಎಂಬ ಸಾಲು ಇದೆಯೇ ನೋಡಿ. ಕಳಿಸಿದ್ದು ಒಂದು ವಿಳಾಸದಿಂದ, ಉತ್ತರ ಹೋಗುವುದು ಇನ್ನೊಂದಕ್ಕೆ ಎಂದಿದ್ದರೆ ಅನುಮಾನ ಪಡಿ.

ಇನ್ನೂ ಒಳಗೆ ಹೋಗಿ ನೋಡುವ ಹುಚ್ಚಿದ್ದವರಿಗೆ: ಕಂಪ್ಯೂಟರಿನಲ್ಲಿ ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ತೆರೆಯಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲು ಕಾಣುತ್ತವೆ. ಮೇಲ್ ಹೇಳಿಕೊಂಡ ವಿಳಾಸದಿಂದಲೇ ಬಂದಿದೆಯೇ ಎಂಬ ಪರೀಕ್ಷೆಗಳಿವು. "ಫೇಲ್" ಎಂದಿದ್ದರೆ ಮೇಲ್ ಹೇಳಿಕೊಂಡ ಜಾಗದಿಂದ ಬಂದಿಲ್ಲದಿರುವ ಸಂಭವ ಜಾಸ್ತಿ. "ಪಾಸ್" ಎಂದಿದ್ದರೆ? ಆ ವಿಳಾಸದಿಂದಲೇ ಬಂದಿದೆ ಅಂತ ಅಷ್ಟೇ ಅರ್ಥ. ಕಳ್ಳ ತನ್ನದೇ ಜಿಮೇಲ್‌ನಿಂದ ಕಳಿಸಿದರೂ ಪಾಸ್ ಆಗುತ್ತದೆ.

ಹೆಜ್ಜೆ 3: ಲಿಂಕನ್ನು ಹಿಂದಿನಿಂದ ಓದಿ

ಇದೊಂದು ಕಲಿತರೆ ಅರ್ಧ ಗೆದ್ದಂತೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಿಂಕನ್ನು ಒತ್ತಬೇಡಿ. ಫೋನಿನಲ್ಲಿ ಅದರ ಮೇಲೆ ಬೆರಳಿಟ್ಟು ಹಿಡಿಯಿರಿ. ಕಂಪ್ಯೂಟರಿನಲ್ಲಾದರೆ ಮೌಸ್ ಅದರ ಮೇಲೆ ತಂದು ಸುಮ್ನೆ ಬಿಡಿ. ಅದು ಎಲ್ಲಿಗೆ ಹೋಗುತ್ತದೆಂದು ಕಾಣುತ್ತದೆ. ನೀಲಿ ಅಕ್ಷರದಲ್ಲಿ ಬರೆದದ್ದು ಒಂದಿರುತ್ತದೆ, ಅದು ಹೋಗುವ ಜಾಗ ಇನ್ನೊಂದು.

ಉದಾಹರಣೆಗೆ ವಿಳಾಸ ಹೀಗಿದೆ ಅಂದುಕೊಳ್ಳಿ: "ಕರ್ನಾಟಕ ಡಾಟ್ ಗೌ ಡಾಟ್ ಇನ್ ಡಾಟ್ ಭೀಮಾರಿಲೀಫ್ ಡಾಟ್ ಎಕ್ಸ್‌ವೈಝಡ್". ಎಡಗಡೆಯಿಂದ ಓದಿದರೆ ಸರ್ಕಾರದ್ದು ಅನ್ನಿಸುತ್ತದೆ. ಆದರೆ ಇದನ್ನು ಅಂಚೆ ಕಾಗದದ ವಿಳಾಸದ ಹಾಗೆ ಓದಬೇಕು. ಮೇಲಿನ ಸಾಲುಗಳಲ್ಲಿ ಏನೇ ಬರೆದಿರಲಿ, ಕಾಗದ ಹೋಗುವುದು ಕೊನೆಯಲ್ಲಿ ಬರೆದ ಊರಿಗೆ. ಎಚ್‌ಟಿಟಿಪಿಎಸ್ ಬಿಟ್ಟು, ಆಮೇಲೆ ಸಿಗುವ ಮೊದಲ ಓರೆಗೀಟನ್ನು (/) ಹುಡುಕಿ. ಅದರ ಎಡಕ್ಕೆ ತಾಗಿಕೊಂಡಿರುವ ಕೊನೆಯ ಎರಡು ಮೂರು ತುಂಡುಗಳೇ ಯಜಮಾನನ ಹೆಸರು. ಇಲ್ಲಿ ಯಜಮಾನ "ಭೀಮಾರಿಲೀಫ್ ಡಾಟ್ ಎಕ್ಸ್‌ವೈಝಡ್". ಕರ್ನಾಟಕ ಸರ್ಕಾರದ್ದಾಗಿದ್ದರೆ "ಕರ್ನಾಟಕ ಡಾಟ್ ಗೌ ಡಾಟ್ ಇನ್" ಎಂಬುದು ಕೊನೆಗೆ ಬರಬೇಕಿತ್ತು.

ಒಂದೇ ಅಕ್ಷರದ ಆಟವೂ ಇದೆ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಶುರುವಾಯಿತು. ಅದರ ನಿಜವಾದ ಯುಪಿಐ ಐಡಿ "ಪಿಎಂಕೇರ್ಸ್ ಅಟ್ ಎಸ್‌ಬಿಐ". ಕೆಲವೇ ದಿನಗಳಲ್ಲಿ "ಪಿಎಂಕೇರ್ ಅಟ್ ಎಸ್‌ಬಿಐ" ಎಂಬ ನಕಲಿ ಐಡಿ ಹರಿದಾಡಿತು. ಕೊನೆಯ ಒಂದು ಎಸ್ ಇಲ್ಲ, ಅಷ್ಟೇ. ಪೊಲೀಸರು ಅದನ್ನು ಬಂದ್ ಮಾಡಿಸಿದರು. ಅವಸರದಲ್ಲಿ ಆ ಎಸ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೀಗದ ಚಿತ್ರ ನೋಡಿ ನಂಬಬೇಡಿ. ನಿಮಗೂ ಆ ಜಾಲತಾಣಕ್ಕೂ ನಡುವೆ ಯಾರೂ ಕದ್ದು ಓದಲಾರರು ಎಂದಷ್ಟೇ ಅದು ಹೇಳುತ್ತದೆ. ಆ ಕಡೆ ಕೂತವನೇ ಕಳ್ಳನಾಗಿದ್ದರೆ ಬೀಗ ಏನು ಮಾಡೀತು? ಬ್ಯಾಂಕಿನ ವಿಷಯದಲ್ಲಿ ಈಗ ಒಂದು ಅನುಕೂಲ ಆಗಿದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ "ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬ್ಯಾಂಕಿನ ಹೆಸರಲ್ಲಿ ಬೇರೆ ಬಾಲದ ಲಿಂಕ್ ಬಂದರೆ ಕೈ ಹಿಂದೆ ತೆಗೆಯಿರಿ.

ಹೆಜ್ಜೆ 4: ಫೋಟೊ ಎಲ್ಲಿಯದು?

ಕರುಳು ಚುರ್ ಅನ್ನಿಸುವುದು ಫೋಟೊ. ಅದಕ್ಕೇ ಅದನ್ನು ಮೊದಲು ಪರೀಕ್ಷಿಸಬೇಕು. ಫೋಟೊವನ್ನು ಗೂಗಲ್ ಲೆನ್ಸ್‌ಗೆ ಕೊಡಿ, ಇಲ್ಲವೇ ಟಿನ್‌ಐ ಎಂಬ ಜಾಲತಾಣಕ್ಕೆ ಹಾಕಿ. ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುತ್ತವೆ. ಮಾಸ್ತರರ ಮೇಲ್‌ನ ಅಜ್ಜಿಯ ಫೋಟೊ ಹಾಕಿ ನೋಡಿದೆವು. ಅದು ಎಷ್ಟೋ ವರ್ಷದ ಹಿಂದಿನದು, ಬೇರೆ ರಾಜ್ಯದ ಸುದ್ದಿಯ ಜೊತೆ ಬಂದದ್ದು. ಮಾಸ್ತರರು ಬಹಳ ಹೊತ್ತು ಮಾತೇ ಆಡಲಿಲ್ಲ.

2015ರ ಏಪ್ರಿಲ್‌ನಲ್ಲಿ ನೇಪಾಳದ ಭೂಕಂಪವಾದಾಗ ತಂಗಿಯನ್ನು ತಬ್ಬಿಕೊಂಡು ಕೂತ ಪುಟ್ಟ ಹುಡುಗನ ಫೋಟೊ ಜಗತ್ತೆಲ್ಲ ಸುತ್ತಿತು. ಜನ ಅತ್ತರು, ರೊಕ್ಕ ಎತ್ತಲು ಹೊರಟರು. ಆ ಮಕ್ಕಳು ನೇಪಾಳದವರೇ ಅಲ್ಲ. 2007ರಲ್ಲಿ ವಿಯೆಟ್ನಾಮಿನ ಹಳ್ಳಿಯೊಂದರಲ್ಲಿ ತೆಗೆದ ಫೋಟೊ ಅದು.

ಈಗ ಹಳೆಯ ಫೋಟೊ ಕದಿಯುವ ತೊಂದರೆಯೂ ಬೇಕಿಲ್ಲ. 2023ರ ಫೆಬ್ರವರಿಯಲ್ಲಿ ತುರ್ಕಿ, ಸಿರಿಯಾದಲ್ಲಿ ಭೂಕಂಪವಾದಾಗ, ಮಗುವನ್ನು ಎತ್ತಿಕೊಂಡ ಅಗ್ನಿಶಾಮಕ ಸಿಬ್ಬಂದಿಯ ಚಿತ್ರವೊಂದನ್ನು ಹಾಕಿ ಮೋಸಗಾರರು ರೊಕ್ಕ ಕೇಳಿದರು. ಚಿತ್ರ ಎಐ ಬಿಡಿಸಿದ್ದು. ಆ ಮನುಷ್ಯನ ಬಲಗೈಗೆ ಆರು ಬೆರಳಿದ್ದವು. ಈಗೀಗ ಎಐ ಬೆರಳು ಸರಿಯಾಗಿಯೇ ಬಿಡಿಸುತ್ತದೆ. ಹಾಗಾಗಿ ಫೋಟೊ ಹಿಂದೆ ಎಲ್ಲೂ ಸಿಗಲಿಲ್ಲ ಎಂದ ಮಾತ್ರಕ್ಕೆ ಅದು ನಿಜ ಎಂದುಕೊಳ್ಳಬೇಡಿ.

ಹೆಜ್ಜೆ 5: ಲಗತ್ತು ಇದ್ದರೆ

ತೆರೆಯಬೇಡಿ. "ಸಂತ್ರಸ್ತರ ಪಟ್ಟಿ", "ಹಾನಿಯ ವಿಡಿಯೊ" ಎಂದು ಏನೇ ಹೆಸರಿರಲಿ. ಮುಖ್ಯವಾಗಿ ಎಪಿಕೆ (ಫೋನಿಗೆ ಆ್ಯಪ್ ಹಾಕುವ ಕಡತ), ಜಿಪ್, ಇಎಕ್ಸ್ಇ ಎಂದು ಮುಗಿಯುವ ಕಡತಗಳು. ದಾನ ಕೊಡಲು ನಿಮ್ಮ ಫೋನಿಗೆ ಹೊಸ ಆ್ಯಪ್ ಹಾಕಿಕೊಳ್ಳುವ ಅಗತ್ಯ ಯಾವತ್ತೂ ಇಲ್ಲ.

ಹೆಜ್ಜೆ 6: ಸಂಸ್ಥೆ ಇದೆಯೇ, ಇದ್ದರೆ ಇದು ಅದೇನಾ?

ಮೇಲ್ ಮುಚ್ಚಿ. ಬ್ರೌಸರ್ ತೆರೆದು ಸಂಸ್ಥೆಯ ಹೆಸರನ್ನು ನೀವೇ ಟೈಪ್ ಮಾಡಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಜಾಹೀರಾತು ಇರಬಹುದು. "ಪ್ರಾಯೋಜಿತ" ಎಂದು ಬರೆದಿದ್ದರೆ ದಾಟಿ ಕೆಳಗೆ ಹೋಗಿ. ಅಲ್ಲಿನ ಫೋನ್ ನಂಬರಿಗೆ ಕರೆ ಮಾಡಿ ಕೇಳಿ. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಕರೆ ಮಾಡಿದರೆ ಕಳ್ಳನನ್ನೇ "ನೀನು ಕಳ್ಳನೇನು?" ಎಂದು ಕೇಳಿದ ಹಾಗೆ.

ಟ್ರಸ್ಟ್ ಎಂದು ಹೇಳಿಕೊಂಡರೆ 80ಜಿ ನೋಂದಣಿ (ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವಂಥದ್ದು) ಮತ್ತು ಪ್ಯಾನ್ ಕೇಳಿ. ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಇದೆ, ಹೆಸರು ಹಾಕಿ ಹುಡುಕಬಹುದು. 80ಜಿ ಇರುವ ಸಂಸ್ಥೆ ದಾನಿಗೆ ಫಾರ್ಮ್ 10ಬಿಇ ಪ್ರಮಾಣಪತ್ರ ಕೊಡಬೇಕು. "10ಬಿಇ ಯಾವಾಗ ಕೊಡುತ್ತೀರಿ?" ಎಂದು ಕೇಳಿ ನೋಡಿ. ನಿಜವಾದವರು ತಕ್ಷಣ ಉತ್ತರಿಸುತ್ತಾರೆ. ನಕಲಿಯವರು ಮಾತು ತಿರುಗಿಸುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲೂ ಎನ್‌ಜಿಒಗಳ ವಿವರ ಸಿಗುತ್ತದೆ. ಆದರೆ ಅಲ್ಲಿ ಹೆಸರಿದೆ ಎಂದರೆ ಸರ್ಕಾರವೇ ಅವರಿಗೆ ಶಿಫಾರಸು ಕೊಟ್ಟಿದೆ ಎಂದಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಮೇಲೆ ಹೇಳಿದ ಯಾವುದೂ ಇಲ್ಲದ ನಿಜವಾದ ಕೋರಿಕೆಗಳೂ ಇರುತ್ತವೆ. ಹೊಳೆ ದಂಡೆಯ ಒಂದೂರಿನ ಹುಡುಗರು ಸೇರಿ, ಒಬ್ಬನ ಖಾತೆಗೆ ರೊಕ್ಕ ಕೂಡಿಸಿ, ಅಕ್ಕಿ ಬೇಳೆ ತಂದು ಹಂಚುತ್ತಾರೆ. ಅವರಿಗೆ 80ಜಿ ಎಲ್ಲಿಂದ ಬರಬೇಕು? ಅವರನ್ನು ಮೋಸಗಾರರು ಅಂದರೆ ತಪ್ಪಾಗುತ್ತದೆ. ಇಂಥಲ್ಲಿ ನಾನು ನೋಡುವುದು ಒಂದೇ. ಆ ಊರಿನಲ್ಲಿ ನನಗೆ ಗುರುತಿನವರು ಯಾರಾದರೂ ಇದ್ದಾರಾ? ಬೀಗರೋ, ಅಂಗಡಿಯವರೋ, ಶಾಲೆಯ ಮಾಸ್ತರರೋ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಎರಡು ಫೋನ್ ಕರೆಯೊಳಗೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಸಿಗದಿದ್ದರೆ ಅವರಿಗೆ ಕೊಡುವುದಿಲ್ಲ, ಬೇರೆ ಕಡೆ ಕೊಡುತ್ತೇನೆ.

ಹೆಜ್ಜೆ 7: ರೊಕ್ಕ ಹಾಕುವ ಹೊತ್ತಿನಲ್ಲಿ

ಯುಪಿಐನಲ್ಲಿ ಪಿನ್ ಹಾಕುವ ಮುಂಚೆ ಪಡೆಯುವವರ ಹೆಸರು ತೋರಿಸುತ್ತದೆ. ಆ ಹೆಸರನ್ನು ಓದಿ. ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ಮಾಸ್ತರರ ಕ್ಯೂಆರ್ ಅನ್ನು ನನ್ನ ಫೋನಿನಿಂದ ಸ್ಕ್ಯಾನ್ ಮಾಡಿ ತೋರಿಸಿದೆ. ಬಂದದ್ದು ಯಾವನೋ ಒಬ್ಬನ ಹೆಸರು. "ಮುಖ್ಯಮಂತ್ರಿ ನಿಧಿಗೆ ಇವನ್ಯಾಕ ಬಂದಾನ?" ಎಂದು ಅವರೇ ಕೇಳಿದರು. ಅಲ್ಲಿಗೆ ಅವರಿಗೆ ಪೂರ್ತಿ ತಿಳಿಯಿತು.

ಕ್ಯೂಆರ್ ಕೋಡ್ ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾದ ಮೇಲೆ ಕೇರಳ ಸರ್ಕಾರ ತನ್ನ ಮುಖ್ಯಮಂತ್ರಿ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನೇ ಹಿಂದಕ್ಕೆ ಪಡೆಯಿತು. ಅದರ ದುರುಪಯೋಗ ಆಗಬಹುದು ಎಂಬುದೇ ಕಾರಣ. ಸರ್ಕಾರವೇ ಅಷ್ಟು ಹುಷಾರಾಗಿತ್ತು, ಗುರುತಿಲ್ಲದವರ ಕ್ಯೂಆರ್ ನಾವು ಯಾಕೆ ನಂಬಬೇಕು?

ಗಿಫ್ಟ್ ಕಾರ್ಡ್, ಕ್ರಿಪ್ಟೊ ಕೇಳಿದರೆ ಯೋಚಿಸುವುದೇ ಬೇಡ, ಅದು ಮೋಸ. ಕಾರ್ಡಿನ ಹಿಂದಿನ ಮೂರು ಅಂಕಿ, ಒಟಿಪಿಯನ್ನು ಮೇಲ್‌ನಲ್ಲಿ ಬರೆದು ಕಳಿಸಿ ಎಂದರೂ ಅಷ್ಟೇ. "ರೊಕ್ಕ ವಾಪಸ್ ಪಡೆಯಲು ಪಿನ್ ಹಾಕಿ" ಎಂದರೆ ನಕ್ಕುಬಿಡಿ. ಪಿನ್ ಇರುವುದು ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ.

ಹಾಗಾದರೆ ಎಲ್ಲಿ ಕೊಡಬೇಕು?

ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಭಾರತೀಯ ರೆಡ್ ಕ್ರಾಸ್. ಮೂರಕ್ಕೂ ವಿಳಾಸ ನೀವೇ ಟೈಪ್ ಮಾಡಿ ಹೋಗಿ. ಮೊಬೈಲ್ ಸಾಕಪ್ಪಾ ಅನ್ನುವವರು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಚೆಕ್ ಬರೆಯಬಹುದು. ತೆರಿಗೆ ವಿನಾಯಿತಿ ಬೇಕಾದವರು ಇಷ್ಟು ನೆನಪಿಡಿ: 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ 80ಜಿ ಲಾಭ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಹೇಗೂ ಇಲ್ಲ.

ನೆರೆ ನಮ್ಮಲ್ಲೇ ಬಂದಿದ್ದರೆ ಕಾಳಜಿ ಕೇಂದ್ರಕ್ಕೇ ಹೋಗಿ ಬರುವುದು ಮೇಲು. ಅಲ್ಲಿ ಏನು ಬೇಕೆಂದು ಮೊದಲು ಕೇಳಿ. ಎಲ್ಲರೂ ಹಳೇ ಸೀರೆ ತಂದು ಸುರಿದರೆ ಅದನ್ನು ಎತ್ತಿಡುವುದೇ ಅವರಿಗೊಂದು ಕೆಲಸವಾಗುತ್ತದೆ. ಮಾಸ್ತರರು ಕೊನೆಗೆ ಮಾಡಿದ್ದು ಅದನ್ನೇ. ಆ ಐದು ಸಾವಿರದಲ್ಲಿ ಚಾದರ ತಂದು ಜೇವರ್ಗಿ ಕಡೆ ಹೊರಟಿದ್ದ ಗಾಡಿಯಲ್ಲಿ ತಾವೂ ಹತ್ತಿದರು.

ಕಳೆದುಕೊಂಡವರಿಗೇ ಬರುವ ಬಲೆ

"ನಿಮ್ಮ ಬೆಳೆ ಪರಿಹಾರ ಮಂಜೂರಾಗಿದೆ. 499 ರೂಪಾಯಿ ಪ್ರಕ್ರಿಯೆ ಶುಲ್ಕ ಕಟ್ಟಿ." ಅಥವಾ "ಈ ಆ್ಯಪ್ ಹಾಕಿಕೊಂಡು ಆಧಾರ್ ಜೋಡಿಸಿ." ತೊಗರಿ, ಹತ್ತಿ ಕೊಳೆತು ಕೂತ ರೈತನಿಗೆ ಇಂಥ ಸಂದೇಶ ಬಂದರೆ ಅವನು ನಂಬದೆ ಏನು ಮಾಡುತ್ತಾನೆ?

ನಿಮ್ಮ ಮನೆಯ ರೈತರಿಗೆ ಇಷ್ಟು ತಿಳಿಸಿ. ಬೆಳೆ ಹಾನಿಯ ಪರಿಹಾರಕ್ಕೆ ಶುಲ್ಕ ಇಲ್ಲ. ರೊಕ್ಕ ನೇರವಾಗಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ. ಹೆಸರು ಪಟ್ಟಿಯಲ್ಲಿದೆಯೇ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಸರಿಯಿದೆಯೇ ಎಂಬ ಅನುಮಾನ ಇದ್ದರೆ ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು. ಫೋನಿಗೆ ಬಂದ ಎಪಿಕೆ ಕಡತದಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ. ಅಂಥ ಆ್ಯಪ್ ಫೋನಿಗೆ ಬಂದ ಎಸ್‌ಎಂಎಸ್ ಓದುತ್ತದೆ, ಒಟಿಪಿ ಕದಿಯುತ್ತದೆ. ಬಂದ ಪರಿಹಾರವೂ ಹೋಗುತ್ತದೆ, ಇದ್ದ ರೊಕ್ಕವೂ ಹೋಗುತ್ತದೆ.

ರೊಕ್ಕ ಹೋಗಿಬಿಟ್ಟಿದ್ದರೆ

ನಾಚಿಕೆ ಆಮೇಲೆ. ಮೊದಲು 1930ಕ್ಕೆ ಕರೆ ಮಾಡಿ. ಇದು ಸೈಬರ್ ಆರ್ಥಿಕ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕದ್ದ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಯಾವುದಾದರೂ ಖಾತೆಯಲ್ಲಿ ಇನ್ನೂ ಕೂತಿದ್ದರೆ ಬ್ಯಾಂಕಿಗೆ ಹೇಳಿ ಅಲ್ಲೇ ತಡೆಹಿಡಿಸುತ್ತಾರೆ. ಅದಕ್ಕೇ ಮೊದಲ ಒಂದೆರಡು ಗಂಟೆಗೆ ಬೆಲೆ ಜಾಸ್ತಿ. "ಮಗ ಬಂದ ಮೇಲೆ ಕೇಳೋಣ" ಎಂದು ಸಂಜೆತನಕ ಕೂತರೆ ರೊಕ್ಕ ಎಲ್ಲೋ ಎಟಿಎಂನಿಂದ ಹೊರಗೆ ಬಂದಿರುತ್ತದೆ.

ಕರೆ ಮಾಡುವಾಗ ಕೈಯಲ್ಲಿ ಇರಬೇಕಾದ್ದು: ಬ್ಯಾಂಕಿನ ಹೆಸರು, ಎಷ್ಟು ಹೋಯಿತು, ಎಷ್ಟು ಹೊತ್ತಿಗೆ, ಮತ್ತು ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ. ಇದು ಯುಪಿಐ ಆ್ಯಪ್‌ನ ಹಿಸ್ಟರಿಯಲ್ಲಿ ಸಿಗುತ್ತದೆ. ಅವರು ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ "ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್" ಜಾಲತಾಣದಲ್ಲಿ ದೂರು ಪೂರ್ತಿ ಮಾಡಿ. ನಿಮ್ಮ ಬ್ಯಾಂಕಿಗೂ ಅವತ್ತೇ ತಿಳಿಸಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ, ಬರಹದ ದೂರು ಅಲ್ಲಿ ಕೊಡಬಹುದು. ಬೇರೆಯವರ ವೇಷ ಹಾಕಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಇದೆ.

ಮೇಲ್ ಅಳಿಸಬೇಡಿ! ಸಿಟ್ಟಿನಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದು. ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ಸಾಲುವುದಿಲ್ಲ, ಮೂಲ ಮೇಲ್‌ನೊಳಗೆ ಅದು ಎಲ್ಲಿಂದ ಬಂತೆಂಬ ಗುರುತುಗಳು ಇರುತ್ತವೆ.

ರೊಕ್ಕ ಹೋಗಿಲ್ಲ, ಆದರೆ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿಬಿಟ್ಟೆ ಅಂದರೆ ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ. ನಿಮ್ಮದಲ್ಲದ ಸಾಧನಗಳಿಂದ ಲಾಗೌಟ್ ಮಾಡಿಸಿ. ಮೇಲ್ ಸೆಟ್ಟಿಂಗ್ಸ್‌ನಲ್ಲಿ "ಫಾರ್ವರ್ಡಿಂಗ್" ನೋಡುವುದನ್ನು ಮರೆಯಬೇಡಿ. ಕಳ್ಳ ತನ್ನ ವಿಳಾಸ ಅಲ್ಲಿ ಸೇರಿಸಿದ್ದರೆ, ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಮೇಲ್ ಅವನಿಗೆ ಹೋಗುತ್ತಲೇ ಇರುತ್ತದೆ. ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಆಮೇಲೆ ಆ್ಯಪ್ ತೆಗೆಯಿರಿ.

ಕೆಲವು ದಿನ ಬಿಟ್ಟು ಇನ್ನೊಂದು ಕರೆ ಬರಬಹುದು. "ನಾವು ಸೈಬರ್ ಇಲಾಖೆಯವರು, ನಿಮ್ಮ ರೊಕ್ಕ ಸಿಕ್ಕಿದೆ, ಬಿಡಿಸಿಕೊಳ್ಳಲು 2,000 ಕಟ್ಟಿ." ಅದೇ ಕಳ್ಳರ ಎರಡನೇ ಸುತ್ತು. ಒಮ್ಮೆ ಸಿಕ್ಕವರ ಪಟ್ಟಿ ಅವರ ಹತ್ತಿರ ಇರುತ್ತದೆ.

ಮೋಸ ಹೋಗದಿದ್ದರೂ ಮೇಲ್ ಬಂದಿದ್ದರೆ ಸುಮ್ನೆ ಬಿಡಬೇಡಿ. ಜಿಮೇಲ್‌ನಲ್ಲಿ "ರಿಪೋರ್ಟ್ ಫಿಶಿಂಗ್" ಒತ್ತಿ. ಕರೆ, ಎಸ್‌ಎಂಎಸ್, ವಾಟ್ಸಾಪ್‌ನಲ್ಲಿ ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ "ಚಕ್ಷು" ವಿಭಾಗದಲ್ಲಿ ತಿಳಿಸಬಹುದು.

ಫಾರ್ವರ್ಡ್ ಮಾಡಿಬಿಟ್ಟಿದ್ದರೆ

ಮಾಸ್ತರರು ನನ್ನ ಹತ್ತಿರ ಬರುವ ಮುಂಚೆಯೇ ಆ ಮೇಲ್ ಅನ್ನು ತಮ್ಮ ಪಿಂಚಣಿದಾರರ ಗುಂಪಿಗೆ ಕಳಿಸಿಬಿಟ್ಟಿದ್ದರು. ಕಳ್ಳನಿಗಿಂತ ಮಾಸ್ತರರ ಹೆಸರಿಗೆ ಜನ ಜಾಸ್ತಿ ನಂಬುತ್ತಾರೆ, ಅಲ್ವಾ? ಅಲ್ಲೇ ಕೂತು ಇನ್ನೊಂದು ಮೇಲ್ ಬರೆದೆವು. ನಿಮಗೂ ಬೇಕಾದರೆ ಇದನ್ನೇ ಬಳಸಿಕೊಳ್ಳಿ:

"ಬೆಳಿಗ್ಗೆ ನಾನು ಕಳಿಸಿದ ಭೀಮಾ ನೆರೆ ನಿಧಿಯ ಮೇಲ್ ಸುಳ್ಳು. ನೋಡದೆ ಕಳಿಸಿದ್ದು ನನ್ನ ತಪ್ಪು. ಅದರ ಲಿಂಕ್ ಒತ್ತಬೇಡಿ, ಕ್ಯೂಆರ್ ಸ್ಕ್ಯಾನ್ ಮಾಡಬೇಡಿ. ಯಾರಾದರೂ ಈಗಾಗಲೇ ರೊಕ್ಕ ಹಾಕಿದ್ದರೆ ಈ ಕ್ಷಣವೇ 1930ಕ್ಕೆ ಕರೆ ಮಾಡಿ, ಆಮೇಲೆ ನನಗೆ ಫೋನ್ ಮಾಡಿ. ನೀವು ಇದನ್ನು ಮುಂದೆ ಯಾರಿಗೆ ಕಳಿಸಿದ್ದೀರೋ ಅವರಿಗೂ ಈ ಮೇಲ್ ಕಳಿಸಿ."

ಹತ್ತು ನಿಮಿಷದೊಳಗೆ ಇಬ್ಬರು ಫೋನ್ ಮಾಡಿದರು. ಒಬ್ಬರು ಇನ್ನೂ ಹಾಕಿರಲಿಲ್ಲ. ಇನ್ನೊಬ್ಬರು ಆಗಲೇ ಸಾವಿರ ಹಾಕಿಯಾಗಿತ್ತು. ಮಾಸ್ತರರು ಅವರಿಗೆ ಯುಟಿಆರ್ ಸಂಖ್ಯೆ ಎಲ್ಲಿ ಸಿಗುತ್ತದೆಂದು ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟರು, ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಟ್ಟ ಹಾಗೆ.